ಅನುದಾನ ವಲಸೆ ಮತ್ತು ಹೆಬ್ಬಾತು ವಲಸೆಗಳ ವಿಲೋಮ ಸಂಬಂಧ: ಮಾಗಡಿ ಕೆರೆಯನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಗ್ರಾಮದ ಕೆರೆಯ ದಂಡೆಯನ್ನು ಅಧ್ಯಯನ ಕ್ಷೇತ್ರವಾಗಿಯೂ, ಫಾಲ್ಗುಣವು ಹೊರಡಲು ಅನುವಾಗಿ ಚೈತ್ರವು ಹೊಸ್ತಿಲು ತುಳಿಯುವ ಋತುಸಂಧಿಯನ್ನು ಅಧ್ಯಯನ ಕಾಲವಾಗಿಯೂ, ಎರಡು ಕಾಲಿನ ಮೇಲೆ ನಿಲ್ಲಬಲ್ಲ ಸಕಲ ಜೀವಿಗಳನ್ನು ಅಧ್ಯಯನ ವಸ್ತುವಾಗಿಯೂ ಪರಿಭಾವಿಸಿ, ಸದರಿ ಜೀವಿಗಳ ನಡುವಣ ಅಂತಸ್ಸಂಬಂಧಗಳನ್ನು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಹಾಗೂ ಅಲ್ಲಲ್ಲಿ ಶಿಸ್ತೇ ಇಲ್ಲದ ನೆಲೆಗಳಿಂದ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಈ ವಾಕ್ಯವನ್ನು ಒಂದೇ ಉಸಿರಿಗೆ ಓದಲಾಗದವರು ಮುಂದಿನ ಅಧ್ಯಾಯಗಳಿಗೆ ಇನ್ನೂ ಅರ್ಹರಾಗಿಲ್ಲವೆಂದು ತಿಳಿಯತಕ್ಕದ್ದು.

ಪ್ರಬಂಧಕಾರನ ಅರ್ಹತೆಯ ಪ್ರಶ್ನೆ. ಇವನು ಪಕ್ಷಿತಜ್ಞನಲ್ಲ, ಪ್ರಾಧ್ಯಾಪಕನೂ ಅಲ್ಲ. ಗದಗಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವನು. ಗದಗು ಮುದ್ರಣಕ್ಕೆ ಹೆಸರಾದ ಊರೆಂಬುದು ಗೊತ್ತಿರುವ ಸಂಗತಿ. ಕ್ಯಾಲೆಂಡರು, ಶಾಲೆಯ ಪುಸ್ತಕ, ಪುರಾಣ, ಲಗ್ನಪತ್ರಿಕೆ ಎಲ್ಲ ಇಲ್ಲಿ ಅಚ್ಚಾಗುತ್ತವೆ. ಇವುಗಳಲ್ಲಿ ಲಗ್ನಪತ್ರಿಕೆಯೇ ಉತ್ತಮ ಸಾಹಿತ್ಯವೆಂಬುದು ಇವನ ಖಾಸಗಿ ಅಭಿಪ್ರಾಯ. ಅದರಲ್ಲಿ ಯಾರು, ಯಾರನ್ನು, ಎಲ್ಲಿ, ಎಷ್ಟು ಗಂಟೆಗೆ ಎಂಬುದು ಸ್ಪಷ್ಟವಾಗಿರುತ್ತದೆ. ಇದೇ ಯಂತ್ರಗಳ ಮೇಲೆ ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳೂ ಹೊರಬರುತ್ತವೆ. ಅವುಗಳಲ್ಲಿ ಮೇಲಿನ ನಾಲ್ಕು ಸಂಗತಿಗಳ ಪೈಕಿ ಒಂದೂ ಸಿಗುವುದಿಲ್ಲ. 'ಸಂಕಥನ', 'ಅನುಸಂಧಾನ', 'ಪರಿಪ್ರೇಕ್ಷ್ಯ', 'ಅಸ್ಮಿತೆ', 'ಯಜಮಾನಿಕೆ' ಎಂಬ ಪದಗಳ ಕಾಗುಣಿತ ತಿದ್ದುತ್ತ ತಿದ್ದುತ್ತ ಇವನ ಕನ್ನಡಕದ ನಂಬರು ಏರಿದೆ. ಸೇಡು ಎಂದರೂ ಸರಿಯೆ, ಸಂಶೋಧನೆ ಎಂದರೂ ಸರಿಯೆ.

ಮಿತಿಗಳು: ಪ್ರಬಂಧಕಾರನ ಬಳಿ ದುರ್ಬೀನು ಇಲ್ಲ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಹೆಬ್ಬಾತಿನ ಕುರಿತಾದ ಭಾರತೀಯ ಜ್ಞಾನಪರಂಪರೆಯು ಅನಾದಿಯಾದುದು. ಹಾಲುನೀರು ಬೆರೆಸಿಟ್ಟರೆ ಹಾಲನ್ನಷ್ಟೇ ಹೀರಿ ನೀರನ್ನು ಬಿಡುವ ಹಂಸವೆಂಬ ಪಕ್ಷಿಯನ್ನು ಕವಿಗಳು ಕಂಡರು. ಹಾಲು ಹಾಕುವವರು ಇಂಥ ಪಕ್ಷಿಯ ಬಗ್ಗೆ ಯಾವತ್ತೂ ಆಸಕ್ತಿ ತೋರಿದ್ದಿಲ್ಲ. ಈ ಹಂಸವೆಂಬುದು ನಿಜದಲ್ಲಿ ಯಾವ ಪಕ್ಷಿ ಎಂದು ಕೇಳಿಕೊಂಡವರೂ ಇದ್ದಾರೆ. ಡಚ್ ವಿದ್ವಾಂಸ ಫೋಗೆಲ್ ಭಾರತೀಯ ಸಾಹಿತ್ಯ ಮತ್ತು ಕಲೆಯಲ್ಲಿನ ಹೆಬ್ಬಾತಿನ ಮೇಲೆ ಒಂದು ಇಡೀ ಪುಸ್ತಕ ಬರೆದು (ಅಚ್ಚಾದದ್ದು 1962ರಲ್ಲಿ), ನಮ್ಮ ಹಂಸವು ರಾಜಹಂಸವೆಂಬ ಗುಲಾಬಿ ಕನಸಲ್ಲ, ಗಂಟಲು ಹರಿಯುವಂತೆ ಕೂಗುವ ಹೆಬ್ಬಾತೇ ಎಂದು ವಾದಿಸಿದರು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಎಳೆದುಕೊಂಡ, ಬೂದು ಮೈಯ, ಹಳದಿ ಕೊಕ್ಕಿನ ಪಟ್ಟೆತಲೆ ಹೆಬ್ಬಾತು ಈ ಹಂಸಪದವಿಗೆ ಗಟ್ಟಿ ಉಮೇದುವಾರ. ಇದರ ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಹೆಸರಿನಲ್ಲಿ ಇಂಡಿಯಾ ಇದ್ದರೂ ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಇಲ್ಲಿಗೆ ಬರುವುದು ಚಳಿಗಾಲ ಕಳೆಯಲು.

ಕಾಳಿದಾಸನ 'ಮೇಘದೂತ'ದಲ್ಲಿ ಹಂಸಗಳು ಮಳೆಗಾಲದ ಆರಂಭಕ್ಕೆ ಮಾನಸ ಸರೋವರದತ್ತ ಹೊರಡುತ್ತವೆ. ಮಾಗಡಿಯ ಹೆಬ್ಬಾತುಗಳು ಮಾರ್ಚಿನಲ್ಲೇ ಜಾಗ ಖಾಲಿ ಮಾಡುತ್ತವೆ. ಈ ಎರಡೂವರೆ ತಿಂಗಳ ವ್ಯತ್ಯಾಸವನ್ನು ಕುರಿತು ಕನಿಷ್ಠ ಮೂರು ಪಿಎಚ್.ಡಿ.ಗಳಿಗೆ ಅವಕಾಶವಿದ್ದು, ಆಸಕ್ತರು ಮಾರ್ಗದರ್ಶಕರನ್ನು ಕೂಡಲೇ ಹಿಡಿದುಕೊಳ್ಳಬಹುದು. ಇನ್ನು ಪಕ್ಕದ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆಯಾದ್ದರಿಂದ, ಹಳಗನ್ನಡ ಕವಿಗಳು ತಮ್ಮ ಕಾವ್ಯದ ಹಂಸವನ್ನು ಇಲ್ಲಿಯೇ ನೋಡಿರಬೇಕೆಂದೂ, ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಭಾರತ ಬರೆಯುತ್ತಿದ್ದಾಗ ಮೇಲೆ ಹೆಬ್ಬಾತಿನ ಸಾಲು ಹಾದುಹೋಗಿರಬೇಕೆಂದೂ ಒಂದು ಹಸ್ತಪ್ರತಿಯಲ್ಲಿ ಓದಿದ ನೆನಪು. ಆಧಾರವೇನೆಂದು ಕರಡಿನ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದೆ. ಚಿಹ್ನೆಯನ್ನು ಅಳಿಸಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮರಳಿ ಕಳಿಸಿದರು.

ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಎಂಬ ಕೃತಿಯನ್ನು ಈ ಸಮೀಕ್ಷೆಯಿಂದ ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಕಾರಣ, ಅದು ಓದಿದರೆ ಅರ್ಥವಾಗುತ್ತದೆ.

3. ಪ್ರಾಕ್ಕಲ್ಪನೆ

3.1 ಮಾಗಡಿ ಕೆರೆ ಮನುಷ್ಯರು ಕಟ್ಟಿದ್ದು. ಮಳೆನೀರು ಹಿಡಿದು ಹೊಲಕ್ಕೆ ಉಣಿಸಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಸುತ್ತ ಎರಿ ಹೊಲ, ಮಸಾರಿ ಹೊಲ. ಮೂಡಲಿಗೆ ಕಪ್ಪತಗುಡ್ಡದ ಸಾಲು. ಮಳೆ ಕೈಕೊಡುವುದೇ ರೂಢಿಯಾದ ಈ ಸೀಮೆಯಲ್ಲಿ ಇದೊಂದು ಕೆರೆಗೆ 166 ಜಾತಿಯ ಹಕ್ಕಿಗಳು ಬರುತ್ತವೆ, ಅವುಗಳಲ್ಲಿ 130 ಜಾತಿ ವಲಸೆ ಬರುವಂಥವು, ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಸೇರುತ್ತವೆ ಎಂಬುದು ಸರಕಾರದ್ದೇ ಲೆಕ್ಕ. 2024ರ ಜನವರಿ ಕೊನೆಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಸಲ ನಮ್ಮ ಅಂಕಸಮುದ್ರವೂ ಅಘನಾಶಿನಿಯ ಅಳಿವೆಯೂ ಸೇರಿದವು. ದೇಶದ ಲೆಕ್ಕ 75ರಿಂದ 80ಕ್ಕೆ ಏರಿತು. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಕೆಲವು ದೇಶದವರು ಕುಳಿತು ಮಾಡಿಕೊಂಡ ಒಪ್ಪಂದವೊಂದು ಅರ್ಧ ಶತಮಾನ ಕಳೆದ ಮೇಲೆ ಶಿರಹಟ್ಟಿ ತಾಲೂಕಿಗೆ ತಲುಪಿತು. ಸರಕಾರಿ ಕಾಗದದ ವೇಗದ ಲೆಕ್ಕದಲ್ಲಿ ಇದು ತಡವೇನಲ್ಲ. ಆದರೂ ಒಂದು ವಿಶೇಷವನ್ನು ದಾಖಲಿಸಲೇಬೇಕು: ಆ ಗೌರವ ಬಂದದ್ದು ಹೆಬ್ಬಾತುಗಳು ಕೆರೆಯಲ್ಲಿ ಇರುವಾಗ. ಮುಂದೆ ಪ್ರತಿಪಾದಿಸಲಿರುವ ಸಿದ್ಧಾಂತಕ್ಕೆ ಇದೊಂದೇ ಅಪವಾದ.

3.2 ಸಿದ್ಧಾಂತವು ಹೀಗಿದೆ. ಹೆಬ್ಬಾತುಗಳು ದೀಪಾವಳಿಯ ಆಸುಪಾಸಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತವೆ, ಮಾರ್ಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಏರುತ್ತವೆ. ಅನುದಾನವೆಂಬ ಮತ್ತೊಂದು ವಲಸೆ ಜೀವಿಯಿದೆ. ಇದು ಏಪ್ರಿಲಿನಲ್ಲಿ ರಾಜಧಾನಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲವಿಡೀ ಕಡತದೊಳಗೆ ಕಾವು ಕೂರುತ್ತದೆ. ಚಳಿಗಾಲದಲ್ಲಿ ಮೇಜಿನಿಂದ ಮೇಜಿಗೆ ತಗ್ಗಿನಲ್ಲಿ ಹಾರುವುದನ್ನು ಕಲಿಯುತ್ತದೆ. ಮಾರ್ಚ್ ಎರಡನೆಯ ವಾರ ಒಮ್ಮೆಲೆ ರೆಕ್ಕೆ ಬಲಿತು ಜಿಲ್ಲೆಗೆ ಬಂದಿಳಿಯುತ್ತದೆ. ಮಾರ್ಚ್ 31ರ ಸೂರ್ಯಾಸ್ತದೊಳಗೆ ಇದನ್ನು ಮುಗಿಸದಿದ್ದರೆ ಬಂದ ದಾರಿಯಲ್ಲೇ ಹಾರಿಹೋಗುತ್ತದೆ. ಆದುದರಿಂದ:

ಹೆಬ್ಬಾತು ಇರುವಾಗ ಅನುದಾನವಿರುವುದಿಲ್ಲ. ಅನುದಾನವಿರುವಾಗ ಹೆಬ್ಬಾತು ಇರುವುದಿಲ್ಲ.

ಇದನ್ನು 'ವಿಲೋಮ ವಲಸೆ ಸಿದ್ಧಾಂತ'ವೆಂದು ಕರೆಯಲಾಗಿದೆ. ಹಕ್ಕಿಗಳ ಕುರಿತಾದ ವಿಚಾರ ಸಂಕಿರಣಗಳು ಹಕ್ಕಿಗಳು ಹೋದ ಮೇಲೆಯೇ ಏಕೆ ನಡೆಯುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ಸಮರ್ಪಕ ಉತ್ತರ ಈವರೆಗೆ ಮಂಡಿತವಾಗಿಲ್ಲ.

4. ಕ್ಷೇತ್ರಕಾರ್ಯ

ಮಾರ್ಚ್ ಕೊನೆಯ ವಾರದ ಒಂದು ವಿಚಾರ ಸಂಕಿರಣ. ನಡೆಸಿದ ಸಂಸ್ಥೆಯ ಹೆಸರು ಹೇಳುವುದು ಸಂಶೋಧನಾ ನೀತಿಗೆ ವಿರುದ್ಧ. ವಿಷಯ: 'ಜೌಗುಭೂಮಿಗಳ ಪಕ್ಷಿಲೋಕ: ಸಂಕಥನ, ಸಂಘರ್ಷ, ಸಾಧ್ಯತೆ'. ಮೂರು ಪದವೂ ಒಂದೇ ಅಕ್ಷರದಿಂದ ಶುರುವಾಗದಿದ್ದರೆ ಅನುದಾನ ಮಂಜೂರಾಗುವುದಿಲ್ಲವೆಂದು ತಿಳಿದವರು ಹೇಳುತ್ತಾರೆ. ಸ್ಮರಣ ಸಂಚಿಕೆಯ ಕಟ್ಟುಗಳನ್ನು ತಲುಪಿಸುವ ಕೆಲಸದ ಮೇಲೆ ಪ್ರಬಂಧಕಾರನೂ ಹೋಗಿದ್ದ. ಆಹ್ವಾನ ಪತ್ರಿಕೆಯಲ್ಲಿ 'ಪ್ರಾತಃ 6ಕ್ಕೆ ಪಕ್ಷಿವೀಕ್ಷಣೆ' ಎಂದಿತ್ತು. ಆ ಆರರ ಕರಡನ್ನು ತಿದ್ದಿದವನೂ ಇವನೇ. ಅದು ಅಚ್ಚಿನ ತಪ್ಪಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲ.

ಆರಕ್ಕೆ ಬಸ್ಸು ನಿಂತಿತ್ತು. ಡ್ರೈವರನೂ ಇದ್ದ. ಮುಖ್ಯ ಅತಿಥಿಗಳು ಹುಬ್ಬಳ್ಳಿ ಬಿಟ್ಟಿದ್ದಾರೆಂಬ ಸುದ್ದಿ ಏಳೂವರೆಗೆ ಬಂತು. ಎಂಟಕ್ಕೆ ಉಪ್ಪಿಟ್ಟು, ಶಿರಾ. ಎಂಟೂಮುಕ್ಕಾಲಿಗೆ ಇನ್ನೊಮ್ಮೆ ಚಹಾ. ಅಷ್ಟರಲ್ಲಿ ಅತಿಥಿಗಳು ಬಂದದ್ದರಿಂದ ಅವರಿಗಾಗಿ ಮತ್ತೊಮ್ಮೆ ಉಪ್ಪಿಟ್ಟು. ಕೆರೆಯ ದಂಡೆ ಮುಟ್ಟಿದಾಗ ಹತ್ತೂವರೆ. ಗದಗಿನ ಮಾರ್ಚಿನ ಹತ್ತೂವರೆಯ ಬಿಸಿಲನ್ನು ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ.

ದಂಡೆಯ ಮೇಲೆ ಶಾಮಿಯಾನ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಗಾಳಿಗೆ ದೀಪ ನಿಲ್ಲದ್ದರಿಂದ ಕುಂಡದಲ್ಲಿದ್ದ ಸಸಿಗೆ ನೀರೆರೆದು ಉದ್ಘಾಟನೆ. ನೀರು ಬಾಟಲಿಯದು. ಹತ್ತು ಹೆಜ್ಜೆ ದೂರದಲ್ಲಿ ಕೆರೆ ಇತ್ತು.

ಆಮೇಲೆ ಪ್ರಬಂಧ ಮಂಡನೆ. 'ಹೆಬ್ಬಾತಿನ ಅನ್ಯತೆ: ಒಂದು ವಸಾಹತೋತ್ತರ ಓದು' ಎಂಬ ಪ್ರಬಂಧದಲ್ಲಿ ವಲಸೆ ಹಕ್ಕಿಯು ಕೇಂದ್ರ ಮತ್ತು ಅಂಚಿನ ದ್ವಂದ್ವವನ್ನು ಮುರಿದು ಕಟ್ಟುವ ಬಗೆಯನ್ನು ಶೋಧಿಸಲಾಯಿತು. 'ಕೊಕ್ಕರೆಯ ಒಂಟಿಗಾಲು ಮತ್ತು ಆಧುನಿಕೋತ್ತರ ಅಸ್ಥಿರತೆ' ಎಂಬುದನ್ನು ಮಂಡಿಸುವಾಗ ಮಂಡಿಸುವವರ ಬೆನ್ನ ಹಿಂದೆ ಬಣ್ಣದ ಕೊಕ್ಕರೆಯೊಂದು ಎರಡು ಕಾಲಿನ ಮೇಲೂ ನಿಂತು ಮೀನು ಹಿಡಿಯಿತು. ಪ್ರಬಂಧದ ಪಠ್ಯದಲ್ಲಿ ಬದಲಾವಣೆ ಮಾಡಲಿಲ್ಲ.

ಇಲ್ಲಿ ಒಂದು ಸಂದರ್ಶನದ ದತ್ತಾಂಶ. ದಂಡೆಯ ಕೆಳಗಿನ ಹೊಲದಿಂದ ಬಂದ ವೃದ್ಧರೊಬ್ಬರು, ಹೆಗಲ ಮೇಲೆ ಟವೆಲ್ಲು, ಶಾಮಿಯಾನದ ಹಗ್ಗ ಹಿಡಿದು ನಿಂತಿದ್ದರು.

"ಏನ್ರೀ ಸರ, ಬಾತು ನೋಡಾಕ ಬಂದೀರೇನು?"

"ಹೌದ್ರಿ ಅಜ್ಜಾರ."

"ಅವು ಹೋಳಿಹುಣ್ಣಿವಿ ಹಿಂದಮುಂದ ಎದ್ದು ಹೋದ್ವಲ್ರೀ. ಈಗ ಯಾಕ ಬಂದ್ರಿ?"

"ರೊಕ್ಕ ಈಗ ಬಂದಾವ್ರಿ."

ಅಜ್ಜ ಸ್ವಲ್ಪ ಹೊತ್ತು ವಿಚಾರ ಮಾಡಿದರು. ಆ ದಿನ ಆ ದಂಡೆಯ ಮೇಲೆ ವಿಚಾರ ಮಾಡಿದವರು ಅವರೊಬ್ಬರೇ. "ಹಂಗಾರ ರೊಕ್ಕಕ್ಕೂ ಒಂದು ಮಾತು ಹೇಳ್ರಿ, ದೀಪಾವಳಿಗೆ ಬಾ ಅಂತ."

ವಿಲೋಮ ವಲಸೆ ಸಿದ್ಧಾಂತವನ್ನು ಪ್ರಬಂಧಕಾರನಿಗಿಂತ ಮೊದಲೇ ಈ ಭಾಗದ ರೈತರು ಮಂಡಿಸಿದ್ದಾರೆಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಇಲ್ಲಿ ಒಪ್ಪಿಕೊಳ್ಳಲಾಗಿದೆ.

5. ದಂಡೆಯ ದ್ವಿಪಾದಿಗಳ ವರ್ಗೀಕರಣ

ಹೆಬ್ಬಾತು ಲಭ್ಯವಿಲ್ಲದ್ದರಿಂದ, ಲಭ್ಯವಿದ್ದ ದ್ವಿಪಾದಿಗಳನ್ನೇ ವರ್ಗೀಕರಿಸುವುದು ಅನಿವಾರ್ಯವಾಯಿತು.

5.1 ವರ್ಗ ಒಂದು: ಅತಿಥಿಸ್ ಮುಖ್ಯಸ್. ಗಾತ್ರದಲ್ಲಿ ದೊಡ್ಡದು. ನಡಿಗೆ ನಿಧಾನ. ಬಿಳಿ ಕಾರಿನಲ್ಲಿ ವಲಸೆ ಬರುತ್ತದೆ. ಕೊರಳ ಸುತ್ತ ಹೂಮಾಲೆ, ಭುಜದ ಮೇಲೆ ಶಾಲು, ತಲೆಯ ಮೇಲೆ ಪೇಟ: ಋತುಮಾನದ ಪುಕ್ಕಗಳು, ಸಭೆ ಮುಗಿದ ಕೂಡಲೇ ಉದುರುತ್ತವೆ. ಕೂಗು: "ನಾನು ಪಕ್ಷಿತಜ್ಞನಲ್ಲ, ಆದರೂ". ಈ ಕೂಗು ಮುಕ್ಕಾಲು ತಾಸು ಮುಂದುವರಿಯಬಲ್ಲದು. ಕೆರೆಯ ಕಡೆಗೆ ಬೆನ್ನು ಹಾಕಿ ಕೂರುವುದು ಇದರ ಗುರುತಿನ ಲಕ್ಷಣ.

5.1.1 ಉಪವರ್ಗ: ಅತಿಥಿಸ್ ಗೌರವಸ್. ಮೇಲಿನಂತೆಯೇ, ಶಾಲು ತೆಳ್ಳಗೆ.

5.2 ವರ್ಗ ಎರಡು: ಮಸೂರಸ್ ದೀರ್ಘಸ್. ಎದೆಯ ಮುಂದೆ ಮೊಳ ಉದ್ದದ ಮೂತಿ ಹೊರಚಾಚಿರುವ, ಹಸಿರು ಚುಕ್ಕೆಯಂಗಿಯ ಪ್ರಭೇದ. ಹೊಲದ ನಡುವೆ ಅಡ್ಡ ನುಗ್ಗುತ್ತದೆ. ಕಡಲೆ ಇದೆಯೋ ಜೋಳ ಇದೆಯೋ ನೋಡುವುದಿಲ್ಲ. ನೀರಿನ ಮೇಲೆ ಕುಳಿತ ಹಕ್ಕಿಯ ಚಿತ್ರ ಇದಕ್ಕೆ ಸಾಲದು, ಹಾರುವ ಚಿತ್ರವೇ ಬೇಕು. ಆದ್ದರಿಂದ ಹಾರಿಸುತ್ತದೆ, ಕಲ್ಲು ಎಸೆದಾದರೂ. ಹಿಮಾಲಯವನ್ನು ದಾಟಿ ಬಂದು ಹಗಲಿನಲ್ಲಿ ನೀರ ಮೇಲೆ ದಣಿವಾರಿಸಿಕೊಳ್ಳುತ್ತಿರುವ ಹಕ್ಕಿಯನ್ನು ಎಬ್ಬಿಸಿದರೆ ಅದು ತಿಂದದ್ದು ಹಾರುವುದರಲ್ಲೇ ಖರ್ಚಾಗುತ್ತದೆ ಎಂದು ಯಾರೋ ಹೇಳಲು ಹೋದಾಗ, "ನೀವು ಯಾವ ಲೆನ್ಸ್ ಬಳಸ್ತೀರಿ?" ಎಂದು ಕೇಳಿತು.

5.3 ವರ್ಗ ಮೂರು: ಪ್ರಮಾಣಪತ್ರಸ್ ಸಂಗ್ರಾಹಕಸ್. ನೋಂದಣಿ ಶುಲ್ಕ ಕಟ್ಟಿ ಬರುವ, ಚೀಲ, ಪೆನ್ನು, ಊಟ ಮತ್ತು ಪ್ರಮಾಣಪತ್ರವನ್ನು ಈ ಕ್ರಮದಲ್ಲಿ ಸಂಗ್ರಹಿಸಿ ಮಧ್ಯಾಹ್ನ ಮಾಯವಾಗುವ, ಗುಂಪುಜೀವಿ. ಇವರ ಮೇಲೆ ಪ್ರಬಂಧಕಾರನಿಗೆ ಸಿಟ್ಟಿಲ್ಲ. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಪ್ರಮಾಣಪತ್ರ ಬೇಕು. ತಾತ್ಕಾಲಿಕ ನೌಕರಿಯಲ್ಲಿ ವರ್ಷಗಟ್ಟಲೆ ಕಳೆದ ಹುಡುಗ ಹುಡುಗಿಯರು ಇವರಲ್ಲೇ ಹೆಚ್ಚು. ಅವರಲ್ಲೊಬ್ಬಳು ಊಟದ ಸಾಲು ಬಿಟ್ಟು ದಂಡೆಯ ತುದಿಗೆ ಹೋಗಿ ಬಹಳ ಹೊತ್ತು ನೀರು ನೋಡುತ್ತ ಕೂತಿದ್ದಳು. ಅವಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ತಿಳಿಯದೆ,

5.4 ವರ್ಗ ನಾಲ್ಕನ್ನು ಕೈಬಿಡಲಾಗಿದೆ. ಐದರಿಂದ ಹನ್ನೆರಡರವರೆಗಿನ ವರ್ಗಗಳಿಗೂ ಹೆಸರು ಇಟ್ಟಾಗಿತ್ತು. ಎಲ್ಲವೂ '-ಸ್' ಎಂದು ಮುಗಿಯುತ್ತಿದ್ದವು. ಸಾಕು.

6. (ಈ ಅಧ್ಯಾಯಕ್ಕೆ ಶೀರ್ಷಿಕೆ ಕೊಟ್ಟಿಲ್ಲ)

ಹೆಬ್ಬಾತು ಹೋಗಿದ್ದರೂ ಕೆರೆ ಖಾಲಿ ಇರಲಿಲ್ಲ. ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲೆತ್ತಿ ಕೆಸರಿನಲ್ಲಿ ನಡೆದಿದ್ದವು. ನಾಮದ ಕೋಳಿಗಳು ಹಣೆಯ ಬಿಳಿ ನಾಮ ಹೊತ್ತು ಜೊಂಡಿನ ಬುಡದಲ್ಲಿ ಜಗಳವಾಡುತ್ತಿದ್ದವು. ಗುಳುಮುಳುಕ ಮುಳುಗಿದ ಕಡೆ ಬಿಟ್ಟು ಬೇರೆ ಕಡೆ ಏಳುತ್ತಿತ್ತು. ಹಾವಕ್ಕಿ ಒಂದು ಒಣಗಿದ ಜಾಲಿಯ ಮೇಲೆ ರೆಕ್ಕೆ ಬಿಚ್ಚಿ ಆರಿಸಿಕೊಳ್ಳುತ್ತಿತ್ತು. ದಂಡೆಯ ಬೇವು ಹೂಬಿಟ್ಟಿತ್ತು. ಟಿಟ್ಟಿಭವೊಂದು ಶಾಮಿಯಾನ ಹಾಕಿದ ಜಾಗದ ಸುತ್ತಲೇ ಕಿರುಚುತ್ತ ಸುತ್ತುತ್ತಿತ್ತು. ಟಿಟ್ಟಿಭ ಬೇಸಿಗೆ ಬರುತ್ತಿದ್ದಂತೆ ಬರೀ ನೆಲದ ಮೇಲೆ, ಹರಳುಗಳ ನಡುವೆ ಮೊಟ್ಟೆ ಇಡುವ ಹಕ್ಕಿ. ಅದು ಏನು ಹೇಳುತ್ತಿದೆಯೆಂದು ಕೇಳಲು ಧ್ವನಿವರ್ಧಕ ಬಿಡಲಿಲ್ಲ.

ಪಟ್ಟೆತಲೆ ಹೆಬ್ಬಾತಿನ ಬಗ್ಗೆಯೂ ಒಂದಿಷ್ಟು ಸುಮ್ಮನೆ ಹೇಳಿಬಿಡುತ್ತೇನೆ. ಬೆನ್ನಿಗೆ ಯಂತ್ರ ಕಟ್ಟಿ ಅದರ ದಾರಿ ಅಳೆದವರಿಗೆ 7,290 ಮೀಟರ್ ಎತ್ತರದವರೆಗೂ ಅದು ಹಾರಿದ ದಾಖಲೆ ಸಿಕ್ಕಿದೆ. ಹಗಲು ಇಳಿಜಾರಿನಲ್ಲಿ ಮೇಲಕ್ಕೇಳುವ ಗಾಳಿಯ ನೆರವು ಸಿಗುತ್ತದೆ, ಆದರೂ ಅದು ಹೆಚ್ಚಾಗಿ ರಾತ್ರಿಯ, ಬೆಳಗಿನ ಜಾವದ ತಣ್ಣನೆಯ ದಟ್ಟ ಗಾಳಿಯನ್ನೇ ಆರಿಸಿಕೊಳ್ಳುತ್ತದೆ. ತೇಲುವುದಿಲ್ಲ, ರೆಕ್ಕೆ ಬಡಿದೇ ಏರುತ್ತದೆ. ಅದರ ರಕ್ತ ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವಂತಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇಷ್ಟು ದೂರ ಬಂದು ಅವು ಇಲ್ಲಿ ಮಾಡುವುದು ಎರಡೇ: ಹಗಲು ಕೆರೆಯ ನೀರಿನ ಮೇಲೆ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಲ್ಲಿ ಮೇವು. ಅಂದರೆ ಹೆಬ್ಬಾತನ್ನು ಸಾಕುತ್ತಿರುವುದು ರಾಮ್ಸರ್ ಒಪ್ಪಂದವಲ್ಲ, ಮಾಗಡಿ ಸುತ್ತಿನ ಕಡಲೆ, ಶೇಂಗಾ ಬೆಳೆದವರು. ಸಾವಿರಾರು ಕೊಕ್ಕು, ಪ್ರತಿ ರಾತ್ರಿ, ನಾಲ್ಕು ತಿಂಗಳು.

ಸಂಕಿರಣದಲ್ಲಿ 'ರೈತ-ಪಕ್ಷಿ ಸಂಘರ್ಷದ ಸಂಕಥನ' ಎಂಬ ಒಂದು ಗೋಷ್ಠಿಯೇ ಇತ್ತು. ಮೂವರು ಮಾತಾಡಿದರು. ಒಬ್ಬರೂ ರೈತರಲ್ಲ. ಟವೆಲ್ಲಿನ ಅಜ್ಜ ಹಗ್ಗ ಹಿಡಿದು ನಿಂತೇ ಕೇಳಿದರು. ಯಾರೂ ಕುರ್ಚಿ ಕೊಡಲಿಲ್ಲ. "ಸ್ಥಳೀಯ ಸಮುದಾಯಗಳ ಸಹಭಾಗಿತ್ವ" ಎಂಬ ಮಾತು ಬಂದಾಗಲೆಲ್ಲ ಚಪ್ಪಾಳೆ ಬಿತ್ತು. ಆ ಅಜ್ಜನ ಹೊಲದಲ್ಲಿ ಬಾತು ಎಷ್ಟು ತಿಂದವು, ಅದಕ್ಕೆ ಯಾರು ಏನು ಕೊಟ್ಟರು, ಕೊಡದಿದ್ದರೂ ಅವರು ಕವಣೆ ಯಾಕೆ ಬೀಸಲಿಲ್ಲ ಎಂದು ಕೇಳಲು ಆ ಶಾಮಿಯಾನದ ಕೆಳಗೆ ಒಬ್ಬರಿಗೂ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ, ನಾನು ಸ್ಮರಣ ಸಂಚಿಕೆ ಎಣಿಸುತ್ತಿದ್ದೆ.

ಮಧ್ಯಾಹ್ನ ಕಪ್ಪತಗುಡ್ಡಕ್ಕೆ ಹೋದರು. ಎರಡು ಗಂಟೆಗೆ. ಹಕ್ಕಿ ನೋಡಲು. ಆ ಹೊತ್ತಿನಲ್ಲಿ ಆ ಗುಡ್ಡದ ಮೇಲೆ ಗಾಳಿಯಂತ್ರಗಳ ಹೊರತು ಬೇರೇನೂ ರೆಕ್ಕೆ ಆಡಿಸುವುದಿಲ್ಲ. ಬೆಳಗಿನ ಆರಕ್ಕೆ ಹೋಗಿದ್ದರೆ ಅದೇ ಕುರುಚಲಿನಲ್ಲಿ ಪಿಕಳಾರ, ಕಾಜಾಣ, ಗೌಜಗ, ಹುಲ್ಲಿನೊಳಗಿಂದ ಭರ್ರನೆ ಏಳುವ ಬುರ್ಲಿ, ನವಿಲಿನ ಕೂಗು, ಹೂವಾದ ಮುತ್ತುಗದ ಮೇಲೆ ಜೇನಿಗೆ ಬಂದ ಹತ್ತು ಬಗೆಯ ಹಕ್ಕಿ ಸಿಗುತ್ತಿದ್ದವು. ಸಂಚಾಲಕರು ಗುಡ್ಡದತ್ತ ಕೈ ತೋರಿಸಿ "ಉತ್ತರ ಕರ್ನಾಟಕದ ಸಹ್ಯಾದ್ರಿ" ಎಂದರು. ಎಲ್ಲರೂ ಅದನ್ನು ಬರೆದುಕೊಂಡು ಬಸ್ಸು ಹತ್ತಿದರು.

ಈ ಗುಡ್ಡ ಈಗಲೂ ಗುಡ್ಡವಾಗಿಯೇ ನಿಂತಿರುವುದು ಯಾವ ಗೋಷ್ಠಿಯಿಂದಲೂ ಅಲ್ಲ. ಇದರ ಹೊಟ್ಟೆಯಲ್ಲಿ ಚಿನ್ನವಿದೆ, ಕಬ್ಬಿಣವಿದೆ. ಕಬಲಾಯತಕಟ್ಟಿಯಲ್ಲಿ ಬ್ರಿಟಿಷರ ಕಾಲದಲ್ಲೇ ಚಿನ್ನಕ್ಕೆ ಅಗೆದಿದ್ದರು. 2015ರಲ್ಲಿ ಸರಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. 2016ರಲ್ಲಿ ಅದೇ ಸರಕಾರ ಆ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಗಣಿಯ ಅರ್ಜಿಗಳು ಸಾಲಾಗಿ ಕಾದಿದ್ದ ಹೊತ್ತು ಅದು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜನರನ್ನು ಕಟ್ಟಿಕೊಂಡು ಧರಣಿ ಕೂತರು. ಅದಕ್ಕೂ ಹಿಂದೆ, 2011ರಲ್ಲಿ, ಹಳ್ಳಿಗುಡಿಯ ಹೊಲಗಳನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೊಡಲು ಹೊರಟಾಗಲೂ ಅವರೇ ರೈತರ ಮುಂದೆ ನಿಂತಿದ್ದರು. 2013ರಲ್ಲಿ ಕಂಪನಿ ಗದಗಿನ ಯೋಜನೆಯಿಂದ ಹಿಂದೆ ಸರಿಯಿತು. 2017ರಲ್ಲಿ ಸರಕಾರ ಮೀಸಲಿನ ಆದೇಶವನ್ನು ಮರಳಿ ಹೊರಡಿಸಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು. ಕೊಟ್ಟದ್ದು, ಕಿತ್ತುಕೊಂಡದ್ದು, ಮತ್ತೆ ಕೊಟ್ಟದ್ದು, ಗಟ್ಟಿಮಾಡಿದ್ದು: ಒಂದು ಗುಡ್ಡ ಇದ್ದಲ್ಲೇ ಇರಲು ನಾಲ್ಕು ವರ್ಷದಲ್ಲಿ ಇಷ್ಟು ಕಾಗದ ಬೇಕಾಯಿತು. ಇನ್ನೂ ಮುಗಿದಿಲ್ಲ. ಬೇಸಿಗೆ ಬಂದರೆ ಯಾರೋ ಹುಲ್ಲಿಗೆ ಬೆಂಕಿ ಇಡುತ್ತಾರೆ. ಆ ಬೆಂಕಿಯಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಏನಾಗುತ್ತದೆಂದು ಹೇಳಲು ಬಹುಶಿಸ್ತೀಯ ನೆಲೆ ಬೇಕಾಗಿಲ್ಲ.

ಧರಣಿಯಲ್ಲಿ ಕೂತವರು ಮುಂಡರಗಿ, ಡೋಣಿ, ಡಂಬಳ, ಶಿರಹಟ್ಟಿ ಕಡೆಯ ಸಾಮಾನ್ಯ ಜನ. ಅವರ ಘೋಷಣೆಗಳಲ್ಲಿ 'ಪರಿಪ್ರೇಕ್ಷ್ಯ' ಇರಲಿಲ್ಲ. ಕಪ್ಪತಗುಡ್ಡ ಉಳಿಸಿ ಎಂದಿದ್ದರು. ಕ್ರಿಯಾಪದ ಕೊನೆಗೆ, ಇರಬೇಕಾದ ಜಾಗದಲ್ಲಿ. ಕರಡು ತಿದ್ದುವವನು ಮುಟ್ಟಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ.

7. ಫಲಿತಗಳು

ಅ) ವಿಲೋಮ ವಲಸೆ ಸಿದ್ಧಾಂತವು ಸಾಬೀತಾಗಿದೆ.

ಆ) ಸಂಕಿರಣದ ದಿನ ದಂಡೆಯ ಮೇಲೆ ಕಂಡ ಹಕ್ಕಿಗಳ ಪಟ್ಟಿಯನ್ನು ಯಾರೂ ಮಾಡಲಿಲ್ಲ. ಹಣ ಬಳಕೆ ಪ್ರಮಾಣಪತ್ರ ಮಾತ್ರ ಮಾರ್ಚ್ 31ರೊಳಗೆ ಸಲ್ಲಿಕೆಯಾಯಿತು.

ಇ) ಪ್ರಬಂಧ ಸಂಪುಟ ಅಚ್ಚಿಗೆ ಬಂದಿದೆ. ಅದರಲ್ಲಿ 'ಸಂಕಥನ' ಎಂಬ ಪದ ಎಷ್ಟು ಸಲ ಬರುತ್ತದೆಂದು ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. 'ನೀರು' ಎಂಬ ಪದವನ್ನು ಎಣಿಸುವುದು ಸುಲಭವಾಗಿತ್ತು.

ಈ) ಈ) ಇಲ್ಲ.

8. ಶಿಫಾರಸು

ಸಂಕಿರಣ ಮಾಡುವವರಲ್ಲಿ ಒಂದೇ ವಿನಂತಿ. ಡಿಸೆಂಬರಿನಲ್ಲಿ ಮಾಡಿ. ಶಾಮಿಯಾನ ದಂಡೆಯ ಮೇಲೆ ಬೇಡ, ಊರೊಳಗಿನ ಶಾಲೆಯಲ್ಲಿ ಹಾಕಿ. ಮೊದಲ ಕುರ್ಚಿಯನ್ನು ಹೊಲದವರಿಗೆ ಕೊಡಿ, ಮೊದಲ ಮಾತನ್ನೂ. ಹೆಬ್ಬಾತಿಗೆ ಮೇವು ಕೊಟ್ಟವರಿಗೆ ಆದ ನಷ್ಟದ ಲೆಕ್ಕವನ್ನು ಅಲ್ಲೇ ಕೂತು ಬರೆದುಕೊಳ್ಳಿ. ಅದು ಪ್ರಬಂಧವಾಗದಿದ್ದರೆ ಅರ್ಜಿಯಾಗಲಿ.

ಓದುಗರಿಗೆ: ನೀವು ಅನುದಾನಕ್ಕೆ ಕಾಯಬೇಕಾಗಿಲ್ಲ. ಚಳಿಗಾಲದ ಯಾವುದಾದರೂ ಒಂದು ದಿನ ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತಿ ಮಾಗಡಿಯಲ್ಲಿ ಇಳಿಯಿರಿ. ಹೊತ್ತು ಮೂಡುವ ಮೊದಲೇ ದಂಡೆ ಮುಟ್ಟಿದರೆ ಹೊಲಗಳಿಂದ ಕೆರೆಗೆ ಮರಳುವ ಬಾತಿನ ಸಾಲುಗಳು ಸಿಗುತ್ತವೆ. ಕಲ್ಲು ಎಸೆಯಬೇಡಿ, ಡ್ರೋನ್ ಹಾರಿಸಬೇಡಿ, ಪ್ಲಾಸ್ಟಿಕ್ ಬಿಡಬೇಡಿ. ಬದು ದಾಟುವ ಮುಂಚೆ ಹೊಲದವರನ್ನು ಒಂದು ಮಾತು ಕೇಳಿ. ಅವರು ಬೇಡ ಎನ್ನುವುದಿಲ್ಲ.